ತಪ್ತಮುದ್ರೆಯ ಹಿಡಿ

ಸುದರ್ಶನ ಹೋಮಾಗ್ನಿಯಲ್ಲಿ ಕಾಯಿಸಿದ ಶಂಖ-ಚಕ್ರ ಮುದ್ರೆಗಳನ್ನು ಭುಜಗಳಲ್ಲಿ ಧರಿಸುವುದು ಮಾಧ್ವ ಸಂಪ್ರದಾಯದ ಪ್ರಾಚೀನ ಆಚಾರ. 16ನೆಯ ಶತಮಾನದಲ್ಲಿ ಕುಂಭಕೋಣದಲ್ಲಿ ನೆಲೆಸಿದ್ದ ಶ್ರೀವಿಜಯೀಂದ್ರತೀರ್ಥರು ‘ಚಕ್ರಮೀಮಾಂಸಾ’ ಗ್ರಂಥದಲ್ಲಿ ಇದನ್ನು ಸಮರ್ಥಿಸಿದರು. ಚೆನ್ನೈನ ಮಠಗಳಲ್ಲಿಯೂ ಆಷಾಢ ಶುದ್ಧ ಏಕಾದಶಿಯಂದು ಎಳೆಮಕ್ಕಳಿಂದ ವೃದ್ಧರವರೆಗೆ ಭಕ್ತರು ಸಾಲುಗಟ್ಟಿ ನಿಲ್ಲುತ್ತಾರೆ.

ಅಂದು ಯತಿಗಳ ಕೈಯಲ್ಲಿ ಗಂಟೆಗಟ್ಟಲೆ ಇರುವುದು ಮುದ್ರೆಯ ಹಿಡಿ. ಬೆಳ್ಳಿ, ತಾಮ್ರಗಳ ಉಷ್ಣವಾಹಕತೆ ಕಬ್ಬಿಣದ ಸುಮಾರು 5 ಪಟ್ಟು. ಆದ್ದರಿಂದ ತುದಿಯ ಕಾವು ಹಿಡಿಗೆ ಬೇಗ ಏರುತ್ತದೆ. ಅದನ್ನು ತಡೆಯುವ ಉಪಾಯಗಳು ಮೂರು: ಉದ್ದನೆಯ ತೆಳುವಾದ ಕಡ್ಡಿ, ಮರದ ಹಿಡಿ, ದಪ್ಪನೆಯ ಒಣಬಟ್ಟೆಯ ಸುತ್ತು. ಬಟ್ಟೆ ಒದ್ದೆಯಾಗಿದ್ದರೆ ಶಾಖವು ಕೈಗೆ ಇನ್ನಷ್ಟು ಬೇಗ ತಾಗುತ್ತದೆ.

ಹಿಡಿ ಸುಟ್ಟು ಕೈ ಅಲುಗಿದರೆ ಕ್ಷಣಮಾತ್ರದ ಸ್ಪರ್ಶವೂ ಎಳೆಯ ತೋಳಿನಲ್ಲಿ ಗಾಯವಾದೀತು. ಆದುದರಿಂದ ಹಿಡಿಯ ತಂಪು ಗುರುಗಳಿಗಿಂತಲೂ ಮಕ್ಕಳಿಗೆ ರಕ್ಷೆ.