ಭಾರತೀಯ ವಾಯುದಳದಲ್ಲಿ ಮಹಿಳೆಯರ ಸೇವೆ: ಒಂದು ಅಪವಾದದ ಇತಿಹಾಸ

ರಾಯಚೂರಿನ ಕೋಟೆಯನ್ನೂ 1520ರ ಕದನವನ್ನೂ ಕುರಿತು ಪಾಠ ಹೇಳುವವರಿಗೆ ಸೈನಿಕ ಇತಿಹಾಸವೆಂದರೆ ಆನೆ, ಕುದುರೆ, ಫಿರಂಗಿಗಳ ವೃತ್ತಾಂತವೆಂಬ ಭಾವನೆ ಬರುವುದು ಸಹಜ. ಆದರೆ ಯಾವುದೇ ಸೈನ್ಯದ ಸ್ವರೂಪವನ್ನು ಅರಿಯಬೇಕಾದರೆ ಅದು ಗೆದ್ದ ಯುದ್ಧಗಳನ್ನು ಎಣಿಸಿದರೆ ಸಾಲದು. ಅದು ಯಾರನ್ನು, ಯಾವ ಷರತ್ತಿನ ಮೇಲೆ ಸೇರಿಸಿಕೊಂಡಿತೆಂಬುದನ್ನೂ ವಿಚಾರಿಸಬೇಕು. ಈ ದೃಷ್ಟಿಯಿಂದ ಭಾರತೀಯ ವಾಯುದಳದಲ್ಲಿ ಮಹಿಳೆಯರು ಸಲ್ಲಿಸಿದ ಸೇವೆಯನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಿಮಾನಯುದ್ಧದೊಡನೆ ನಮ್ಮ ಸೀಮೆಗೆ ಇದ್ದ ಮೊದಲ ಸಂಬಂಧ ಹಣದ ಸಂಬಂಧ. ರಾಯಚೂರು, ಮಾನ್ವಿ, ದೇವದುರ್ಗಗಳು ಅಂದು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಮೊದಲನೆಯ ಮಹಾಯುದ್ಧದಲ್ಲಿ ನಿಜಾಮರ ದ್ರವ್ಯಸಹಾಯದಿಂದ ಸಜ್ಜಾದ ಬ್ರಿಟಿಷ್ ವಾಯುಪಡೆಯ 110ನೆಯ ಸ್ಕ್ವಾಡ್ರನ್ನಿಗೂ, ಎರಡನೆಯ ಮಹಾಯುದ್ಧದಲ್ಲಿ 152ನೆಯ ಸ್ಕ್ವಾಡ್ರನ್ನಿಗೂ ‘ಹೈದರಾಬಾದ್’ ಎಂಬ ಹೆಸರೇ ಸಂದಿತು. ಆ ಬೊಕ್ಕಸದಲ್ಲಿ ಈ ತಾಲ್ಲೂಕುಗಳ ಕಂದಾಯದ ಪಾಲೂ ಇತ್ತೆನ್ನಲು ಅಡ್ಡಿಯಿಲ್ಲ. ಇತ್ತ ಬ್ರಿಟಿಷ್ ಭಾರತದಲ್ಲಿ 1942ರಲ್ಲಿ ಮಹಿಳಾ ಸಹಾಯಕ ದಳವೊಂದು ಸ್ಥಾಪಿತವಾಯಿತು. ವಾಯುದಳದ ಕಚೇರಿ, ಸಂದೇಶವಾಹನ ಮೊದಲಾದ ಕೆಲಸಗಳಲ್ಲಿ ಅದರ ಸದಸ್ಯೆಯರು ದುಡಿದರು. ಯುದ್ಧ ಮುಗಿದ ಮೇಲೆ ಆ ದಳವನ್ನೇ ವಿಸರ್ಜಿಸಲಾಯಿತು. ಅಗತ್ಯವಿದ್ದಾಗ ಕರೆದು, ಅಗತ್ಯ ತೀರಿದಾಗ ಕಳುಹಿಸುವ ಪದ್ಧತಿಗೆ ಇದು ಆರಂಭ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ಸರಕಾರಿ ಉದ್ಯೋಗದಲ್ಲಿ ಲಿಂಗಭೇದ ಸಲ್ಲದೆಂದು 16ನೆಯ ಅನುಚ್ಛೇದದಲ್ಲಿ ಸಾರಿತು. ಆದರೆ ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಗೊಳಿಸುವ ಅಧಿಕಾರವನ್ನು 33ನೆಯ ಅನುಚ್ಛೇದ ಸಂಸತ್ತಿಗೆ ಕೊಟ್ಟಿತು. ಅದೇ ವರ್ಷದ ವಾಯುದಳ ಅಧಿನಿಯಮದ 12ನೆಯ ಪ್ರಕರಣದಂತೆ, ಕೇಂದ್ರ ಸರಕಾರವು ಅಧಿಸೂಚನೆಯ ಮೂಲಕ ನಿರ್ದೇಶಿಸಿದ ಶಾಖೆಗಳನ್ನು ಬಿಟ್ಟರೆ ಉಳಿದೆಡೆ ಸ್ತ್ರೀಯರು ಸೇವೆಗೆ ಅರ್ಹರಲ್ಲ. ನಿಷೇಧವೇ ನಿಯಮ, ಪ್ರವೇಶವು ಅಪವಾದ. ಮುಂದಿನ ಏಳು ದಶಕಗಳ ಇತಿಹಾಸವೆಲ್ಲವೂ ಈ ಅಪವಾದವು ಹಂತಹಂತವಾಗಿ ವಿಸ್ತಾರಗೊಂಡ ಕಥೆಯೇ ಆಗಿದೆ.

ಮೊದಲು ತೆರೆದ ಬಾಗಿಲು ವೈದ್ಯಕೀಯದ್ದು. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ವಿಜಯಲಕ್ಷ್ಮಿ ರಮಣನ್ ಅವರು 1955ರ ಆಗಸ್ಟ್ 22ರಂದು ಭೂಸೇನೆಯ ವೈದ್ಯಕೀಯ ದಳಕ್ಕೆ ನಿಯುಕ್ತರಾಗಿ, ಅಂದೇ ವಾಯುದಳಕ್ಕೆ ಎರವಲು ಸೇವೆಯ ಮೇಲೆ ಬಂದರು. ವಾಯುದಳದ ಪ್ರಥಮ ಮಹಿಳಾ ಅಧಿಕಾರಿ ಇವರೇ. ಮಹಿಳೆಗೆಂದು ಗೊತ್ತುಪಡಿಸಿದ ಸಮವಸ್ತ್ರ ಅಂದು ಇರಲಿಲ್ಲವಾಗಿ, ದಳದ ಬಣ್ಣಕ್ಕೆ ಹೊಂದುವ ಸೀರೆ ರವಿಕೆಗಳನ್ನು ಅವರೇ ರೂಪಿಸಿಕೊಂಡರು. ಬೆಂಗಳೂರಿನ ಜಾಲಹಳ್ಳಿಯೇ ಮೊದಲಾದ ವಾಯುದಳದ ಆಸ್ಪತ್ರೆಗಳಲ್ಲಿ ಸ್ತ್ರೀರೋಗತಜ್ಞೆಯಾಗಿ ದುಡಿದು, 1972ರಲ್ಲಿ ವಿಂಗ್ ಕಮಾಂಡರ್ ಪದವಿಗೇರಿ, 1979ರಲ್ಲಿ ನಿವೃತ್ತರಾದರು. 2020ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿಯೇ ನಿಧನರಾದರು. ಸಮವಸ್ತ್ರದ ಸಂಗತಿ ಸಣ್ಣದೆಂದು ತೋರಬಹುದು. ಆದರೆ ವ್ಯಕ್ತಿಯು ಬಂದು ಕೆಲಸಕ್ಕೆ ನಿಂತ ಮೇಲೂ ಸಂಸ್ಥೆಯು ಆಕೆಗಾಗಿ ಸಿದ್ಧವಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯದು. ಇದೇ ವೈದ್ಯಕೀಯ ಶಾಖೆಯಿಂದ 1968ರಲ್ಲಿ ಸೇವೆಗೆ ಸೇರಿದ ಪದ್ಮಾವತಿ ಬಂದೋಪಾಧ್ಯಾಯ ಅವರು 2004ರಲ್ಲಿ ಏರ್ ಮಾರ್ಷಲ್ ಪದವಿಗೇರಿದ ಪ್ರಥಮ ಮಹಿಳೆಯಾದರು.

ಎರಡನೆಯ ಬಾಗಿಲು ತೆರೆಯಲು ಸುಮಾರು ನಾಲ್ಕು ದಶಕಗಳು ಬೇಕಾದವು. 1990ರ ದಶಕದ ಆರಂಭದಲ್ಲಿ ಭೂಕಾರ್ಯ ಶಾಖೆಗಳಿಗೂ, ಸಾಗಾಣಿಕೆ ವಿಮಾನ ಮತ್ತು ಹೆಲಿಕಾಪ್ಟರುಗಳ ಚಾಲನೆಗೂ ಮಹಿಳೆಯರನ್ನು ಆರಿಸಿಕೊಳ್ಳಲಾಯಿತು. ಹರಿತಾ ಕೌರ್ ದಿಯೋಲ್ ಅವರು 1994ರ ಸೆಪ್ಟೆಂಬರ್ 2ರಂದು ಆವ್ರೋ ವಿಮಾನವನ್ನು ಏಕಾಂಗಿಯಾಗಿ ಹಾರಿಸಿದರು; 1996ರ ಡಿಸೆಂಬರಿನಲ್ಲಿ ನೆಲ್ಲೂರಿನ ಸಮೀಪ ವಿಮಾನಾಪಘಾತದಲ್ಲಿ ಮಡಿದರು. 1999ರ ಕಾರ್ಗಿಲ್ ಯುದ್ಧದಲ್ಲಿ ಗುಂಜನ್ ಸಕ್ಸೇನಾ, ಶ್ರೀವಿದ್ಯಾ ರಾಜನ್ ಅವರು ಚೀತಾ ಹೆಲಿಕಾಪ್ಟರುಗಳನ್ನು ನಡೆಸಿದರು. ಅಪಾಯವು ಪುರುಷರಿಗೂ ಇವರಿಗೂ ಸಮಾನವಾಗಿಯೇ ಇತ್ತು. ಸೇವೆಯ ಷರತ್ತು ಮಾತ್ರ ಸಮಾನವಾಗಿರಲಿಲ್ಲ. ಇವರಿಗೆ ದೊರೆತದ್ದು ಅಲ್ಪಾವಧಿಯ ಆಯೋಗ. ಅವಧಿ ತೀರಿದರೆ ಹುದ್ದೆಯೂ ಇಲ್ಲ, ನಿವೃತ್ತಿವೇತನವೂ ಇಲ್ಲ.

ಈ ಕೊರತೆಯನ್ನು ತುಂಬಿದ್ದು ನ್ಯಾಯಾಲಯ. 2010ರ ಮಾರ್ಚಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಮಹಿಳಾ ಅಧಿಕಾರಿಗಳಿಗೂ ಶಾಶ್ವತ ಆಯೋಗ ಸಲ್ಲಬೇಕೆಂದು ತೀರ್ಪಿತ್ತಿತು. ಅದಕ್ಕೆ ಮೊದಲೇ ಸೇವೆಯಿಂದ ಹೊರಬಿದ್ದಿದ್ದ 32 ಮಂದಿ ವಾಯುದಳದ ಅಧಿಕಾರಿಣಿಯರಿಗೆ ನಿವೃತ್ತಿವೇತನದ ಅರ್ಹತೆ ದೊರೆತದ್ದು 2022ರ ನವೆಂಬರಿನಲ್ಲಿ, ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ. ‘ಪ್ರಥಮ ಮಹಿಳೆ’ಯರ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ನಾವು ಈ 32 ಮಂದಿಯ ಕಥೆಯನ್ನು ಹೇಳದಿದ್ದರೆ ಇತಿಹಾಸವನ್ನು ಅರ್ಧ ಹೇಳಿದಂತಾಗುತ್ತದೆ.

ಮೂರನೆಯದು ಯುದ್ಧವಿಮಾನದ ಬಾಗಿಲು. 2015ರ ಅಕ್ಟೋಬರಿನಲ್ಲಿ ಅನುಮತಿ ದೊರೆತು, 2016ರ ಜೂನ್ 18ರಂದು ದುಂಡಿಗಲ್ಲಿನಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಅವರು ನಿಯುಕ್ತರಾದರು. ಅನಂತರ ಅವರು ಹಾಕ್ ಜೆಟ್ ವಿಮಾನಗಳಲ್ಲಿ ಮುಂದಿನ ಶಿಕ್ಷಣ ಪಡೆದದ್ದು ನಮ್ಮ ಕಲ್ಯಾಣ ಕರ್ನಾಟಕದ ಬೀದರಿನಲ್ಲಿ ಎಂಬುದನ್ನು ಇಲ್ಲಿನ ವಿದ್ಯಾರ್ಥಿಗಳು ಗಮನಿಸತಕ್ಕದ್ದು. 2018ರ ಫೆಬ್ರವರಿಯಲ್ಲಿ ಅವನಿ ಅವರು ಮಿಗ್-21 ವಿಮಾನವನ್ನು ಏಕಾಂಗಿಯಾಗಿ ಹಾರಿಸಿದರು. ಅದೇ ವರ್ಷ ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನಭಾಗ್ ಅವರು ಯುದ್ಧವಿಮಾನ ಶಾಖೆಗೆ ಸೇರಿದರು. ಆದರೂ ಈ ಪ್ರವೇಶವು ಪ್ರಯೋಗಾರ್ಥವೆಂದೇ ಮೊದಲಾಗಿದ್ದು, ಶಾಶ್ವತ ವ್ಯವಸ್ಥೆಯಾದದ್ದು 2022ರಲ್ಲಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಅಧಿಕಾರಿವರ್ಗದ ಮಾತು. ಕೆಳಗಿನ ಶ್ರೇಣಿಗಳಲ್ಲಿ ಮಹಿಳೆಯರಿಗೆ ಸ್ಥಳವೇ ಇರಲಿಲ್ಲ. ಅಗ್ನಿವೀರ ಯೋಜನೆಯನ್ವಯ ಅವರ ಪ್ರಥಮ ತಂಡವು ಶಿಕ್ಷಣ ಮುಗಿಸಿ ಹೊರಬಂದದ್ದು 2023ರ ಡಿಸೆಂಬರಿನಲ್ಲಿ, ಬೆಳಗಾವಿಯ ಸಾಂಬ್ರಾದಲ್ಲಿ. ಇದಕ್ಕೆ ಪಿ.ಯು.ಸಿ. ಸಾಕು. ಮಾನ್ವಿ, ದೇವದುರ್ಗಗಳ ಕಾಲೇಜುಗಳಿಂದ ಹೊರಡುವ ಹುಡುಗಿಗೆ ಹತ್ತಿರವಾದ ಬಾಗಿಲು ಇದು. ಆದರೆ ಸೇವೆಯ ಅವಧಿ ನಾಲ್ಕು ವರ್ಷ. ಅನಂತರ ಉಳಿಯುವವರು ಹೆಚ್ಚೆಂದರೆ ನಾಲ್ಕರಲ್ಲಿ ಒಬ್ಬರು. ಈ ಷರತ್ತು ಸ್ತ್ರೀ ಪುರುಷರಿಬ್ಬರಿಗೂ ಒಂದೇ ಆಗಿದ್ದರೂ, 1942ರಿಂದ ಬಂದ ಹಳೆಯ ಪ್ರಶ್ನೆ ಹಾಗೆಯೇ ಉಳಿದಿದೆ.

ಮೇಲಿನ ಸಂಗತಿಗಳಿಂದ ಒಂದು ಸಿದ್ಧಾಂತವನ್ನು ಹೊಂದಬಹುದು. ಪ್ರತಿ ಹಂತದಲ್ಲಿಯೂ ಸೇವೆ ಮೊದಲು ಬಂದಿದೆ, ಹಕ್ಕು ಹಿಂದಿನಿಂದ ಬಂದಿದೆ. ಅವೆರಡರ ನಡುವಣ ವರ್ಷಗಳ ನಷ್ಟವನ್ನು ದುಡಿದವರೇ ಹೊತ್ತಿದ್ದಾರೆ. ಆದುದರಿಂದ ಬಾಗಿಲು ತೆರೆದ ತೇದಿಯನ್ನು ಗುರುತಿಸುವ ವಿದ್ಯಾರ್ಥಿಯು, ಒಳಗೆ ಹೋದವರಿಗೆ ಎಷ್ಟು ದಿನ ನಿಲ್ಲಲು ಅವಕಾಶವಿತ್ತೆಂಬುದನ್ನೂ ಅದರ ಪಕ್ಕದಲ್ಲಿಯೇ ಬರೆದುಕೊಳ್ಳತಕ್ಕದ್ದು.