ಪರಿವಿಡಿಯಲ್ಲಿ ದೀರ್ಘ ಶೀರ್ಷಿಕೆ: ಕನ್ನಡ ಪದಸಂಕಲನಗಳ ನೆಲೆಯಿಂದ ಒಂದು ಚಾರಿತ್ರಿಕ ವಿವೇಚನೆ

ಪರಿವಿಡಿಯ ಒಂದು ಸಾಲಿನಲ್ಲಿ ಹಿಡಿಯದ ಶೀರ್ಷಿಕೆಯನ್ನು ಏನು ಮಾಡಬೇಕೆಂಬುದನ್ನು ಅಚ್ಚುಮನೆಯ ಪ್ರಶ್ನೆಯೆಂದೇ ಸಾಮಾನ್ಯವಾಗಿ ಭಾವಿಸಲಾಗಿದೆ. ಶೀರ್ಷಿಕೆಯನ್ನು ಮುಂದಿನ ಸಾಲಿಗೆ ಮುರಿಯುವುದು, ಇಲ್ಲವೆ ಅದರ ಕೊನೆಯನ್ನು ಕತ್ತರಿಸಿ ಮೂರು ಚುಕ್ಕೆ ಇಡುವುದು ರೂಢಿಯಲ್ಲಿರುವ ಎರಡು ದಾರಿಗಳು. ಕನ್ನಡದ ಮಟ್ಟಿಗೆ ಇವು ಸಮಾನ ಆಯ್ಕೆಗಳಲ್ಲ. ಎರಡನೆಯದು ಭಾಷೆಯ ವಾಕ್ಯರಚನೆಗೇ ಎದುರಾದುದು ಎಂಬುದು ಈ ಲೇಖನದ ವಾದ.

1. ಅಚ್ಚಿಗೆ ಮುನ್ನ

ತಾಳೆಗರಿಯ ಕಾಲದ ಕನ್ನಡ ಕೃತಿಗಳಲ್ಲಿ ಭಾಗದ ಹೆಸರು ಬಹುಮಟ್ಟಿಗೆ ಆ ಭಾಗದ ಕೊನೆಯಲ್ಲಿ ಬರುತ್ತದೆ. ಚಂಪೂಕಾವ್ಯಗಳ ಆಶ್ವಾಸಾಂತ್ಯ ಗದ್ಯ ಇದಕ್ಕೆ ಪ್ರಸಿದ್ಧ ನಿದರ್ಶನ. ಷಟ್ಪದಿ ಕಾವ್ಯಗಳು ಇನ್ನೊಂದು ಕ್ರಮವನ್ನು ತಂದವು: ಕುಮಾರವ್ಯಾಸನಲ್ಲಿಯೂ ಲಕ್ಷ್ಮೀಶನಲ್ಲಿಯೂ ಸಂಧಿಯ ಆರಂಭದ ಸೂಚನಾಪದ್ಯವು ಮುಂದಿನ ಕಥೆಯನ್ನು ಸಂಗ್ರಹಿಸಿ ಹೇಳುತ್ತದೆ. ಪದಗಳ ನಡುವೆ ತೆರಪಿಲ್ಲದೆ ಗರಿಯ ಅಂಚಿನವರೆಗೆ ಬರೆಯುವ ಲಿಪಿಕಾರನಿಗೆ ಹೆಸರಿನ ಉದ್ದವು ತೊಡಕಾಗಿರಲಿಲ್ಲ.

ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದದ ಹೆಸರನ್ನು ನೋಡಬಹುದು: ‘ದೋಷಾದೋಷಾನುವರ್ಣನನಿರ್ಣಯಂ’. ಗರಿಯಲ್ಲಿ ಇದು ಎಲ್ಲಿ ಮುರಿದರೂ ಬಾಧಕವಿಲ್ಲ. ಇಂದಿನ ಪರಿವಿಡಿಯಲ್ಲಿ ಮುರಿಯಬೇಕಾದಾಗ ಮಾತ್ರ ತೊಡಕು ಕಾಣುತ್ತದೆ. ದೋಷ, ಅದೋಷ, ಅನುವರ್ಣನ ಎಂಬ ಘಟಕಗಳ ಎರಡೂ ಸೇರುವೆಗಳಲ್ಲಿ ಸವರ್ಣದೀರ್ಘ ಸಂಧಿಯಾಗಿ ಸ್ವರಗಳು ಒಂದಾಗಿವೆ. ಅಲ್ಲಿ ಅಕ್ಷರವನ್ನು ಒಡೆಯದೆ ಪದವನ್ನು ಒಡೆಯಲಾಗದು. ‘ನಿರ್ಣಯಂ’ ಎಂಬುದಕ್ಕೆ ಮುಂಚಿನ ಒಂದೇ ಎಡೆಯಲ್ಲಿ ಪದದ ಗಡಿಯೂ ಅಕ್ಷರದ ಗಡಿಯೂ ಕೂಡುತ್ತವೆ.

2. ಮೊದಲ ಸಾಲೇ ಹೆಸರಾದಾಗ

ಮಂಗಳೂರಿನಲ್ಲಿ 1841ರಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯ ಆರಂಭವಾಯಿತು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ ದಾಸರ ಪದಗಳನ್ನೂ ಅಚ್ಚಿಗೆ ತಂದನು. ಹಾಡಿಕೆಯಲ್ಲಿ ಉಳಿದುಬಂದ ಇಂಥ ರಚನೆಗಳಿಗೆ ಪ್ರತ್ಯೇಕ ಶೀರ್ಷಿಕೆಯಿರುವುದಿಲ್ಲ. ಅವು ಪುಸ್ತಕವನ್ನು ಸೇರಿದಾಗ ಪಲ್ಲವಿಯ ಸಾಲೇ ಹೆಸರಿನ ಸ್ಥಾನಕ್ಕೆ ಬಂದಿತು.

ಈ ಸಮಸ್ಯೆಯನ್ನು ಅರಿಯಲು ಶಿಗ್ಗಾವಿ ತಾಲ್ಲೂಕಿಗಿಂತ ತಕ್ಕ ನೆಲೆ ವಿರಳ. ಹಿರೇಬೆಂಡಿಗೇರಿ ಇರುವ ಇದೇ ತಾಲ್ಲೂಕಿನಲ್ಲಿ ಕನಕದಾಸರ ಬಾಡವೂ ಶರೀಫರ (1819–1889) ಶಿಶುನಾಳವೂ ಇವೆ. ‘ಮೋಹನತರಂಗಿಣಿ’, ‘ನಳಚರಿತ್ರೆ’, ‘ರಾಮಧಾನ್ಯಚರಿತ್ರೆ’ಗಳಿಗೆ ಹೆಸರುಂಟು, ಕನಕರ ಕೀರ್ತನೆಗಳಿಗೂ ಶರೀಫರ ತತ್ತ್ವಪದಗಳಿಗೂ ಪಲ್ಲವಿಯೇ ಹೆಸರು. ಕೊನೆಯ ನುಡಿಯಲ್ಲಿ ಬರುವ ಅಂಕಿತ ಕವಿಯನ್ನು ಗುರುತಿಸಿದರೆ, ಮೊದಲ ಸಾಲು ಪದವನ್ನು ಗುರುತಿಸುತ್ತದೆ. ಪರಿವಿಡಿಗೆ ದೊರೆಯುವುದು ಈ ಎರಡನೆಯ ಗುರುತು ಮಾತ್ರ.

ಕತ್ತರಿಯ ಪರಿಣಾಮವನ್ನು ತೋರಿಸಲು ನಾನೇ ರಚಿಸಿದ ಒಂದು ಸಾಲನ್ನು ಬಳಸುತ್ತೇನೆ: ‘ಊರ ಹೊರಗಿನ ಕೆರೆಯ ನೀರು ತುಂಬಿ ಹರಿಯಲಿಲ್ಲವೇನೋ’. ಸ್ಥಳ ಸಾಲದೆ ‘ಊರ ಹೊರಗಿನ ಕೆರೆಯ ನೀರು ತುಂಬಿ…’ ಎಂದು ನಿಲ್ಲಿಸಿದರೆ ಕೆರೆ ತುಂಬಿತೆಂಬ ಅರ್ಥ ಹೊರಡುತ್ತದೆ. ಕ್ರಿಯಾಪದ, ನಿಷೇಧ, ಸಂದೇಹ ಇವೆಲ್ಲವೂ ಕೊನೆಯ ಒಂದೇ ಪದದಲ್ಲಿವೆ. ಕತ್ತರಿ ಬೀಳುವುದು ಅದರ ಮೇಲೆಯೇ. ಇಂಗ್ಲಿಷಿನಲ್ಲಿ ನಿಷೇಧವೂ ಪ್ರಶ್ನೆಯೂ ಸಾಮಾನ್ಯವಾಗಿ ವಾಕ್ಯದ ಮೊದಲ ಭಾಗದಲ್ಲಿಯೇ ತೋರುವುದರಿಂದ ಬಲತುದಿಯ ಕತ್ತರಿಕೆ ಅಲ್ಲಿ ಇಷ್ಟು ಹಾನಿ ಮಾಡದು. ಕ್ರಿಯಾಂತ್ಯ ಭಾಷೆಗೆ ಅದೇ ನಿಯಮ ಹೊಂದುವುದಿಲ್ಲ.

ಹಾನಿ ಅರ್ಥಕ್ಕಷ್ಟೇ ಸೀಮಿತವಲ್ಲ. ಒಂದೇ ಸಂಬೋಧನೆಯಿಂದ ತೊಡಗಿ ಬೇರೆ ಬೇರೆ ಕ್ರಿಯಾಪದಗಳಲ್ಲಿ ಮುಗಿಯುವ ಎರಡು ಪದಗಳು ಕತ್ತರಿಸಿದ ಪರಿವಿಡಿಯಲ್ಲಿ ಒಂದೇ ಆಗಿ ಕಾಣುತ್ತವೆ. ಒಂದೇ ಪದದ ಎರಡು ಪಾಠಗಳು ಸಾಲಿನ ಕೊನೆಯಲ್ಲಿ ಭಿನ್ನವಾಗಿದ್ದರೆ ಆ ಭೇದವೂ ಅಳಿಯುತ್ತದೆ. ಸಂಕಲನಗಳನ್ನು ಹೋಲಿಸಿ ಪದಗಳನ್ನು ಎಣಿಸುವ ಸಂಶೋಧಕನು ಇಂಥ ಪರಿವಿಡಿಯನ್ನು ನೆಚ್ಚಿದರೆ ಎರಡು ಪದಗಳನ್ನು ಒಂದೆಂದು ಲೆಕ್ಕ ಹಾಕುತ್ತಾನೆ.

ಇಲ್ಲಿ ಅಕಾರಾದಿಯನ್ನೂ ಪರಿವಿಡಿಯನ್ನೂ ಬೇರೆಯಾಗಿ ಕಾಣಬೇಕು. ಅಕಾರಾದಿಯಲ್ಲಿ ಹುಡುಕುವವನು ಪದವನ್ನು ಬಲ್ಲವನು. ಅವನಿಗೆ ಸಾಲಿನ ಆರಂಭ ಹಲವೊಮ್ಮೆ ಸಾಕು. ಪರಿವಿಡಿಯನ್ನು ಓದುವವನು ಪದವನ್ನು ಇನ್ನೂ ಅರಿಯದವನಾಗಿರಬಹುದು. ಅವನಿಗೆ ಸಾಲು ಪೂರ್ತಿಯಾಗಿ ಬೇಕು.

3. ಮುರಿಯುವ ಕ್ರಮ

ಆದುದರಿಂದ ಪರಿವಿಡಿಯಲ್ಲಿ ಶೀರ್ಷಿಕೆಯನ್ನು ಕತ್ತರಿಸದೆ ಮುರಿಯುವುದೇ ಯುಕ್ತ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲ. ಹೊಸ ನಮೂದು ಎಲ್ಲಿ ತೊಡಗಿತೆಂಬುದನ್ನು ಅಕ್ಷರರೂಪ ತಿಳಿಸಲಾರದು. ಅದನ್ನು ತಿಳಿಸುವ ಹೊಣೆ ಸಾಲಿನ ಅಂಚಿನದು: ಎರಡನೆಯ ಸಾಲು ಒಳಸರಿದಿರಬೇಕು, ಪುಟಸಂಖ್ಯೆ ಕೊನೆಯ ಸಾಲಿನ ಎದುರಿಗೆ ನಿಲ್ಲಬೇಕು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವಿನ ಅಂತರವನ್ನು ಕುಗ್ಗಿಸಿ ಸ್ಥಳ ಉಳಿಸುವ ಉಪಾಯವೂ ಇಲ್ಲಿ ಸಲ್ಲದು.

ಮುರಿಯುವ ಎಡೆ ಪದಪುಂಜದ ಗಡಿಯಾಗಿರಬೇಕು. ವಿಶೇಷಣವು ವಿಶೇಷ್ಯದಿಂದ ಅಗಲಬಾರದು. ಪದದೊಳಗೇ ಮುರಿಯಬೇಕಾಗಿ ಬಂದರೆ ಅಕ್ಷರದ ಗಡಿಯೊಂದೇ ಸಾಲದು. ‘ಹಿರೇಬೆಂ / ಡಿಗೇರಿ’ ಎಂಬುದು ಅಕ್ಷರದೃಷ್ಟಿಯಿಂದ ನಿರ್ದುಷ್ಟ; ಆದರೆ ಸೊನ್ನೆಯ ಉಚ್ಚಾರಣೆಯನ್ನು ನಿರ್ಣಯಿಸುವ ಡಕಾರವು ಮುಂದಿನ ಸಾಲಿಗೆ ಹೋಗಿದೆ, ಊರಿನ ಹೆಸರೂ ಒಡೆದಿದೆ. ‘ಹಿರೇ / ಬೆಂಡಿಗೇರಿ’ ಎಂಬಲ್ಲಿ ಎರಡೂ ಉಳಿಯುತ್ತವೆ.

ಸಂಕ್ಷೇಪ ಅನಿವಾರ್ಯವಾಗುವ ಸ್ಥಳವೊಂದುಂಟು: ಪುಟದ ನೆತ್ತಿಯ ಸಾಲು. ಅಲ್ಲಿ ಓದುಗನ ಮುಂದೆ ಪದವೇ ಇರುವುದರಿಂದ ಕತ್ತರಿಸಿದರೂ ತಪ್ಪು ತಿಳಿವಳಿಕೆಗೆ ಎಡೆಯಿಲ್ಲ. ಪರಿವಿಡಿಯ ಓದುಗನಿಗೆ ಆ ಅನುಕೂಲವಿಲ್ಲ. ಸಂಪಾದಕನು ಅಲ್ಲಿ ಇನ್ನೊಂದು ಸಾಲಿನ ಸ್ಥಳವನ್ನು ಬಿಟ್ಟುಕೊಡುವುದು ಪಾಠಸಂಪಾದನೆಯ ಅಂಗವೇ ಆಗಿದೆ.