ಜರ್ಮನಿಯಲ್ಲಿ ರಾಜ್ಯಶಾಸ್ತ್ರ ಬಿಎ: ಶುಲ್ಕವಿಲ್ಲ ನಿಜ, ಆದರೆ 12ನೇ ತರಗತಿ ಅಂಕಪಟ್ಟಿಯಷ್ಟೇ ಸಾಲದು!

ಥಾಣೆ, ಡೊಂಬಿವಲಿ, ಕಲ್ಯಾಣ್ ಸ್ಟೇಷನ್‌ಗಳ ಹೊರಗೆ 'ಜರ್ಮನಿಯಲ್ಲಿ ಉಚಿತ ಶಿಕ್ಷಣ' ಎಂಬ ಫಲಕಗಳಿಗೆ ಈಗ ಬರವಿಲ್ಲ. ಹೆಚ್ಚಿನವು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಹಾಕಿದವು. ಎಚ್‌ಎಸ್‌ಸಿ ಆರ್ಟ್ಸ್ ಮುಗಿಸಿ ರಾಜ್ಯಶಾಸ್ತ್ರ ಓದಬೇಕೆನ್ನುವವರಿಗೂ ಇದು ಅನ್ವಯಿಸುತ್ತದೆಯೇ? ಅನ್ವಯಿಸುತ್ತದೆ. ಆದರೆ ದಾರಿ ಬೇರೆ, ಸ್ವಲ್ಪ ಉದ್ದವೂ ಹೌದು. ಇದನ್ನು ತಿಳಿಯದೆ ಏಜೆಂಟರಿಗೆ ಹಣ ಕಟ್ಟಿದರೆ ಒಂದು ಇಡೀ ವರ್ಷ ಕೈತಪ್ಪಬಹುದು.

ಹನ್ನೆರಡನೇ ತರಗತಿ ಪಾಸಾದರೆ ನೇರ ಪ್ರವೇಶ ಇಲ್ಲ

ಜರ್ಮನಿಯಲ್ಲಿ ಶಾಲಾ ಶಿಕ್ಷಣ ಮುಗಿಸಿದವರು ಪಡೆಯುವ 'ಅಬಿಟುರ್' ಅರ್ಹತೆಗೆ ನಮ್ಮ 12ನೇ ತರಗತಿ ಸಮವಲ್ಲ. ಹಾಗಾಗಿ ರಾಜ್ಯಶಾಸ್ತ್ರ ಓದಲು ಬಯಸುವವರಿಗೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು, ಭಾರತದಲ್ಲೇ ಮಾನ್ಯತೆ ಪಡೆದ ವಿಶ್ವವಿದ್ಯಾಲಯದಲ್ಲಿ ಪದವಿಯ ಮೊದಲ ವರ್ಷವನ್ನು ಯಶಸ್ವಿಯಾಗಿ ಮುಗಿಸುವುದು. ಆಗ ಅದೇ ವಿಷಯಕ್ಕೆ ಅಥವಾ ಅದಕ್ಕೆ ಹತ್ತಿರದ ವಿಷಯಕ್ಕೆ ಅಲ್ಲಿ ಅರ್ಜಿ ಹಾಕಬಹುದು. ಥಾಣೆಯ ಜೋಶಿ-ಬೇಡೇಕರ್, ಡೊಂಬಿವಲಿಯ ಪೆಂಢರ್ಕರ್, ಕಲ್ಯಾಣ್‌ನ ಬಿರ್ಲಾ ಕಾಲೇಜುಗಳನ್ನು ಹುಡುಕಿಕೊಂಡು ಹೋಗುವ ನಮ್ಮ ಮಕ್ಕಳು ಇಲ್ಲೇ ಎಚ್ಚರ ವಹಿಸಬೇಕು. ಆ ಒಂದು ವರ್ಷ ರಾಜ್ಯಶಾಸ್ತ್ರ ಇರುವ ಬಿಎ ಆಗಿರಬೇಕು. 'ಸದ್ಯಕ್ಕೆ ಬಿಕಾಂ ಸೇರಿಕೋ, ಆಮೇಲೆ ನೋಡೋಣ' ಎಂಬ ಮನೆಯ ಸಲಹೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಎಟಿಕೆಟಿ ಉಳಿಸಿಕೊಂಡರೂ ತೊಂದರೆಯೇ.

ಎರಡನೆಯದು ಸ್ಟೂಡಿಯೆನ್‌ಕೊಲೆಗ್. ಇದು ಜರ್ಮನಿಯಲ್ಲಿ ಸಾಮಾನ್ಯವಾಗಿ ಎರಡು ಸೆಮಿಸ್ಟರ್ ನಡೆಯುವ ಪೂರ್ವಸಿದ್ಧತಾ ಕೋರ್ಸ್. ಇದಕ್ಕೂ ಪ್ರವೇಶ ಪರೀಕ್ಷೆ ಇದೆ, ಅದೂ ಜರ್ಮನ್ ಭಾಷೆಯಲ್ಲಿ. ಬಿ1 ಅಥವಾ ಬಿ2 ಹಂತದ ಜರ್ಮನ್ ಬೇಕು. ರಾಜ್ಯಶಾಸ್ತ್ರಕ್ಕೆ ಕೆಲವು ಕಡೆ 'ಜಿ' ಕೋರ್ಸ್, ಕೆಲವು ಕಡೆ 'ಡಬ್ಲ್ಯೂ' ಕೋರ್ಸ್ ಕೇಳುತ್ತಾರೆ. ಅರ್ಜಿಗೂ ಮೊದಲೇ ವಿಶ್ವವಿದ್ಯಾಲಯವನ್ನು ಕೇಳಿಕೊಳ್ಳುವುದು ಒಳ್ಳೆಯದು.

ಜೆಇಇ ಅಡ್ವಾನ್ಸ್‌ಡ್ ಪಾಸಾದವರಿಗೆ ನೇರ ಪ್ರವೇಶ ಸಿಗುತ್ತದೆ ಎಂದು ನೀವು ಕೇಳಿರಬಹುದು. ಅದು ತಾಂತ್ರಿಕ ಮತ್ತು ವಿಜ್ಞಾನ ವಿಷಯಗಳಿಗೆ ಮಾತ್ರ.

ನಿಜವಾದ ಬಾಗಿಲು ಭಾಷೆ

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ರಾಜ್ಯಶಾಸ್ತ್ರ ಬಿಎ ಬಹುತೇಕ ಜರ್ಮನ್ ಭಾಷೆಯಲ್ಲೇ ನಡೆಯುತ್ತದೆ. ಬರ್ಲಿನ್‌ನ ಫ್ರೀ ಯೂನಿವರ್ಸಿಟಿಯ ಓಟೋ ಜೂರ್ ಇನ್‌ಸ್ಟಿಟ್ಯೂಟ್ ಈ ವಿಷಯಕ್ಕೆ ಹೆಸರುವಾಸಿ. 1920ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ರಾಜಕೀಯ ಅಧ್ಯಯನ ಶಾಲೆಯೇ ಅದರ ಮೂಲ. ಅಲ್ಲೂ ಬಿಎ ಜರ್ಮನ್‌ನಲ್ಲೇ. ಪ್ರವೇಶಕ್ಕೆ ಡಿಎಸ್‌ಎಚ್-2 ಅಥವಾ ಟೆಸ್ಟ್‌ಡಾಫ್‌ನ ನಾಲ್ಕೂ ವಿಭಾಗಗಳಲ್ಲಿ 4ನೇ ಹಂತ ಕೇಳುವುದು ವಾಡಿಕೆ. ಅಂದರೆ ಸುಮಾರು ಸಿ1 ಮಟ್ಟ.

ಎಂಜಿನಿಯರಿಂಗ್‌ನಲ್ಲಿ ಸೂತ್ರ, ಲೆಕ್ಕ ಕೈಹಿಡಿಯಬಹುದು. ರಾಜ್ಯಶಾಸ್ತ್ರದಲ್ಲಿ ಭಾಷೆಯೇ ಕೆಲಸದ ಸಾಮಾನು. ಸಂವಿಧಾನ, ರಾಜಕೀಯ ಚಿಂತನೆ, ಪಕ್ಷ ವ್ಯವಸ್ಥೆ, ಅಂತರರಾಷ್ಟ್ರೀಯ ಸಂಬಂಧ ಎಲ್ಲವನ್ನೂ ಓದಿ, ಸೆಮಿನಾರ್‌ನಲ್ಲಿ ವಾದಿಸಿ, ಸೆಮಿಸ್ಟರ್ ಕೊನೆಗೆ ಹತ್ತಾರು ಪುಟಗಳ ಪ್ರಬಂಧ ಬರೆಯಬೇಕು. ಜೊತೆಗೆ ಸಂಶೋಧನಾ ವಿಧಾನದ ಹೆಸರಲ್ಲಿ ಸ್ಟಾಟಿಸ್ಟಿಕ್ಸ್ ಇರುತ್ತದೆ. ಗಣಿತ ತಪ್ಪಿಸಿಕೊಳ್ಳಲೆಂದೇ ಆರ್ಟ್ಸ್ ತೆಗೆದುಕೊಂಡವರು ಇದನ್ನು ಗಮನಿಸಿ.

ಮನೆಯಲ್ಲಿ ಕನ್ನಡ ಅಥವಾ ತುಳು, ರಸ್ತೆಯಲ್ಲಿ ಮರಾಠಿ, ಲೋಕಲ್‌ನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆದ ಇಲ್ಲಿನ ಮಕ್ಕಳಿಗೆ ಐದನೇ ಭಾಷೆ ಹೆದರಿಕೆ ಹುಟ್ಟಿಸಲಿಕ್ಕಿಲ್ಲ. ಆದರೆ ಸಿ1ಗೆ ಬಿಡುವಿನ ವೇಳೆಯ ಕ್ಲಾಸ್‌ನಲ್ಲಿ ಕನಿಷ್ಠ ಎರಡು ವರ್ಷ ಹಿಡಿಯುತ್ತದೆ ಎಂದೇ ಲೆಕ್ಕ ಹಾಕಿ. ಕಾಲಾ ಘೋಡಾದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕೋರ್ಸ್ ಮತ್ತು ಪರೀಕ್ಷೆ ಎರಡೂ ಇವೆ. ಕಲೀನಾದ ಮುಂಬೈ ವಿಶ್ವವಿದ್ಯಾಲಯದಲ್ಲೂ ಜರ್ಮನ್ ವಿಭಾಗವಿದೆ. ಕಲ್ಯಾಣ್‌ನಿಂದ ಸಿಎಸ್‌ಎಂಟಿಗೆ ಹೋಗಿಬರುವುದೇ ಅರ್ಧ ದಿನದ ಕೆಲಸ ಎನ್ನುವವರಿಗೆ ಆನ್‌ಲೈನ್ ತರಗತಿಯೂ ಸಿಗುತ್ತದೆ. ಎಚ್‌ಎಸ್‌ಸಿಯಲ್ಲಿ ಜರ್ಮನ್ ಅನ್ನು ಭಾಷಾ ವಿಷಯವಾಗಿ ಆರಿಸಿಕೊಳ್ಳಲು ಮಹಾರಾಷ್ಟ್ರದಲ್ಲಿ ಅವಕಾಶವಿದೆ. ಆ ಅಂಕ ಪ್ರಮಾಣಪತ್ರಕ್ಕೆ ಬದಲಿಯಲ್ಲ, ಅಡಿಪಾಯ ಮಾತ್ರ.

ರಾಮ ಮನೋಹರ ಲೋಹಿಯಾ ಅವರೂ ಬರ್ಲಿನ್‌ನಲ್ಲಿ ಓದಲು ಮೊದಲು ಜರ್ಮನ್ ಕಲಿಯಬೇಕಾಯಿತು. ಉಪ್ಪಿನ ಸತ್ಯಾಗ್ರಹದ ಕುರಿತು ಪಿಎಚ್‌ಡಿ ಮುಗಿಸಿ 1933ರಲ್ಲಿ ಮರಳಿದ ಅವರು, 1951ರಲ್ಲಿ ನಮ್ಮ ಕಾಗೋಡು ಸತ್ಯಾಗ್ರಹದಲ್ಲಿ ಬಂಧನಕ್ಕೊಳಗಾದರು.

'ಉಚಿತ' ಎಂದರೆ ಎಷ್ಟು ಖರ್ಚು?

ಹೆಚ್ಚಿನ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರ್ ವಂತಿಗೆ ಮಾತ್ರ. ಹೈಡೆಲ್‌ಬರ್ಗ್, ಟ್ಯೂಬಿಂಗನ್, ಕೊನ್‌ಸ್ಟಾನ್ಸ್ ಇರುವ ಬಾಡನ್-ವ್ಯೂರ್ಟೆಂಬರ್ಗ್ ರಾಜ್ಯ ಇದಕ್ಕೆ ಅಪವಾದ. ಅಲ್ಲಿ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳು ಸೆಮಿಸ್ಟರ್‌ಗೆ 1,500 ಯೂರೋ ಕಟ್ಟಬೇಕು. ದಕ್ಷಿಣ ಏಷ್ಯಾದ ರಾಜಕೀಯದಲ್ಲಿ ಆಸಕ್ತಿ ಇದ್ದರೆ ಹೈಡೆಲ್‌ಬರ್ಗ್‌ನ ಸೌತ್ ಏಷ್ಯಾ ಇನ್‌ಸ್ಟಿಟ್ಯೂಟ್‌ಗಾಗಿ ಆ ಹಣ ಕೊಡುವುದು ತಪ್ಪೇನಲ್ಲ.

ದೊಡ್ಡ ಮೊತ್ತ ಬೇಕಾಗುವುದು ಬ್ಲಾಕ್ಡ್ ಅಕೌಂಟ್‌ಗೆ. ವೀಸಾಕ್ಕಾಗಿ ವರ್ಷಕ್ಕೆ 11,904 ಯೂರೋ, ಅಂದರೆ 11 ಲಕ್ಷ ರೂಪಾಯಿಗೂ ಮೀರಿದ ಮೊತ್ತ ಮೊದಲೇ ಇಡಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಅದು ನಿಮ್ಮ ಕೈಗೇ ಬರುತ್ತದೆ. ಅದರಲ್ಲೇ ಬಾಡಿಗೆ, ಊಟ, ಆರೋಗ್ಯ ವಿಮೆ. ಬರ್ಲಿನ್, ಮ್ಯೂನಿಕ್‌ಗಳಲ್ಲಿ ಬಾಡಿಗೆಯೇ ಅರ್ಧ ನುಂಗಬಹುದು. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅವಕಾಶವಿದೆ. ಆದರೆ ಸ್ಟೂಡಿಯೆನ್‌ಕೊಲೆಗ್ ವರ್ಷದಲ್ಲಿ ದುಡಿಮೆಯನ್ನೇ ನಂಬಿಕೊಂಡು ಹೋಗಬೇಡಿ.

'ಇಂಗ್ಲಿಷ್‌ನಲ್ಲೇ ಬಿಎ ಇದೆ' ಎಂದು ಏಜೆಂಟ್ ಹೇಳಿದರೆ, ವಿಶ್ವವಿದ್ಯಾಲಯ ಸರ್ಕಾರಿಯೋ ಖಾಸಗಿಯೋ ಎಂಬುದು ನಿಮ್ಮ ಮೊದಲ ಪ್ರಶ್ನೆಯಾಗಲಿ. ಬಾರ್ಡ್ ಕಾಲೇಜ್ ಬರ್ಲಿನ್‌ನಂಥ ಖಾಸಗಿ ಸಂಸ್ಥೆಗಳಲ್ಲಿ ಇಂಗ್ಲಿಷ್ ಕೋರ್ಸ್ ಉಂಟು, ಶುಲ್ಕವೂ ಉಂಟು. ಇಂಗ್ಲಿಷ್‌ನಲ್ಲೇ ಓದುವ ಹಟವಿದ್ದರೆ ಬಿಎ ಇಲ್ಲೇ ಮುಗಿಸಿ ಎಂಎಗೆ ಹೋಗುವುದು ವಾಸಿ. ಆ ಹಂತದಲ್ಲಿ ಆಯ್ಕೆ ಹೆಚ್ಚು.

ದಿನಾಂಕಗಳ ಲೆಕ್ಕ

2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳ ವೀಸಾಕ್ಕೆ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ಇದು ದಾಖಲೆಗಳ ಅಸಲಿತನದ ಪರಿಶೀಲನೆ, ಶುಲ್ಕ 18,000 ರೂಪಾಯಿ. ಅನೇಕ ವಿಶ್ವವಿದ್ಯಾಲಯಗಳು ಅರ್ಜಿಯನ್ನು ಯೂನಿ-ಅಸಿಸ್ಟ್ ಮೂಲಕ ಪಡೆಯುತ್ತವೆ. ಮೊದಲ ಅರ್ಜಿಗೆ 75 ಯೂರೋ, ನಂತರದ ಪ್ರತಿಯೊಂದಕ್ಕೆ 30 ಯೂರೋ.

ಅಕ್ಟೋಬರ್‌ನಲ್ಲಿ ಶುರುವಾಗುವ ಚಳಿಗಾಲದ ಸೆಮಿಸ್ಟರ್‌ಗೆ ಸಾಮಾನ್ಯವಾಗಿ ಜುಲೈ 15 ಕೊನೆಯ ದಿನ. ಎಚ್‌ಎಸ್‌ಸಿ ಫಲಿತಾಂಶ ಬರುವುದೇ ಮೇ ಹೊತ್ತಿಗೆ. ನಡುವಿನ ಎರಡು ತಿಂಗಳಲ್ಲಿ ಎಪಿಎಸ್, ಅನುವಾದ, ಭಾಷಾ ಪರೀಕ್ಷೆ ಎಲ್ಲ ಮುಗಿಯದು. ಹಾಗಾಗಿ ಈಗ ಹನ್ನೊಂದನೇ ತರಗತಿಯಲ್ಲಿ ಇರುವವರು ಜರ್ಮನ್ ಎ1 ಶುರುಮಾಡಿ, ಎಚ್‌ಎಸ್‌ಸಿ ನಂತರ ರಾಜ್ಯಶಾಸ್ತ್ರದ ಎಫ್‌ವೈಬಿಎ ಸೇರಿ, ಆ ವರ್ಷವೇ ಸಿ1 ಪರೀಕ್ಷೆ ಬರೆದು ಅರ್ಜಿ ಹಾಕುವುದು ಸದ್ಯಕ್ಕೆ ಕಾಣುವ ಸುರಕ್ಷಿತ ದಾರಿ. ಜರ್ಮನಿಯಲ್ಲಿ ಸೀಟು ಸಿಗದಿದ್ದರೂ ಎಸ್‌ವೈಬಿಎ ಇಲ್ಲೇ ಮುಂದುವರಿಯುತ್ತದೆ.